ಕಾಸನಿಯ ಕಹಿ

ಜಯನಗರ 4ನೇ ಬ್ಲಾಕಿನ ಸುತ್ತಮುತ್ತ ಕಾಫಿಪುಡಿ ಕೊಳ್ಳುವಾಗ ನಾವು ಅಂಗಡಿಯವರಿಗೆ ಲೆಕ್ಕ ಹೇಳುತ್ತೇವೆ: 80ಕ್ಕೆ 20, ಇಲ್ಲವೇ 70ಕ್ಕೆ 30. ಎರಡನೆಯ ಅಂಕಿ ಚಿಕೋರಿಯದು. ಅದನ್ನು ಕಲಬೆರಕೆಯೆಂದು ಮೂಗು ಮುರಿಯುವವರೂ ಉಂಟು. ಆದರೆ ಯುನಾನಿ ಹಕೀಮರ ಚೀಟಿಗಳಲ್ಲಿ ಬರುವ 'ಕಾಸನಿ' ಇದೇ ಗಿಡ. ಇದರ ಬೀಜವೂ ಬೇರೂ ಶರಬತ್ ಬಜೂರಿಗೆ ಬೀಳುತ್ತವೆ. ಉರ್ದುವಿನಲ್ಲಿ ತಿಳಿನೇರಳೆ ಬಣ್ಣಕ್ಕೆ 'ಕಾಸನಿ' ಎಂಬ ಹೆಸರು ಬಂದದ್ದು ಇದರ ಹೂವಿನಿಂದ.

ಇದಕ್ಕೊಂದು ದಾಯಾದಿ ಇದೆ, ಡ್ಯಾಂಡಲಿಯನ್. ತಂಪು ಸೀಮೆಯ ಹಳದಿ ಹೂವಿನ ಕಳೆ, ಹಿಮಾಲಯದಲ್ಲಿ ಸಿಗುತ್ತದೆ. ಕ್ರಿ.ಶ. 900ರ ಹೊತ್ತಿಗೇ ಅಲ್ ರಾಝಿ ಇದು ಕಾಸನಿಯಂತಿದೆ ಎಂದು ಬರೆದಿದ್ದರು. ಅವರು ಬಳಸಿದ ಹೆಸರು 'ತರಶಕೂಕ್'. 'ಕಹಿ ಗಿಡ' ಎಂಬರ್ಥದ ಫಾರಸಿ ಮಾತಿನಿಂದ ಬಂದದ್ದೆನ್ನುತ್ತಾರೆ. ಸುಮಾರು 1170ರಲ್ಲಿ ಕ್ರೆಮೋನಾದ ಜೆರಾರ್ಡ್ ಅರಬಿಯಿಂದ ಲ್ಯಾಟಿನ್ನಿಗೆ ಅನುವಾದಿಸುತ್ತ ಅದನ್ನು 'ತರಸಕಾನ್' ಎಂದು ಬರೆದ. ಇಂದಿನ ಸಸ್ಯಶಾಸ್ತ್ರದ 'ಟರಾಕ್ಸಕಮ್' ಅದೇ. ಲ್ಯಾಟಿನ್ ಎಂದು ಮಕ್ಕಳು ಉರುಹೊಡೆಯುವ ಹೆಸರಿನೊಳಗೆ ಹೀಗೆ ಅರಬಿ, ಫಾರಸಿ ಅಡಗಿ ಕುಳಿತಿವೆ. ಇಬ್ನ್ ಸೀನಾ ಅಂತೂ ಕಾಸನಿಯ ಮೇಲೆ ಪ್ರತ್ಯೇಕ ಪುಸ್ತಿಕೆಯನ್ನೇ ಬರೆದರು. ಎಲೆಯನ್ನು ತೊಳೆಯದೆ ಬಳಸಬೇಕೆಂಬುದು ಅದರ ವಾದ. ಕ್ರಿಮಿನಾಶಕ ಹೊಡೆದ ಇಂದಿನ ಸೊಪ್ಪಿಗೆ ಈ ಮಾತು ಸಲ್ಲದು!

ಎರಡೂ ಗಿಡಗಳ ಬೇರಿನಲ್ಲಿ ಪಿಷ್ಟದ ಬದಲು ಇನುಲಿನ್ ಶೇಖರವಾಗುತ್ತದೆ. ನಮ್ಮ ಜಠರ ಅದನ್ನು ಅರಗಿಸದು, ಕರುಳಿನ ಉಪಕಾರಿ ಬ್ಯಾಕ್ಟೀರಿಯಾಗಳು ತಿನ್ನುತ್ತವೆ. ಬೇರನ್ನು ಹುರಿದಾಗ ಇನುಲಿನ್ ಒಡೆದು ಸಕ್ಕರೆಯಾಗಿ ಕಂದುತ್ತದೆ. ಕಾಫಿಗೆ ಬರುವ ಗಾಢ ಬಣ್ಣಕ್ಕೆ ಇದೇ ಕಾರಣ. ಕಹಿ ಬರುವುದು ಲ್ಯಾಕ್ಟೋನ್ ಎಂಬ ರಾಸಾಯನಿಕಗಳಿಂದ. ಡ್ಯಾಂಡಲಿಯನ್ ಎಲೆಯಲ್ಲಿ ಪೊಟ್ಯಾಸಿಯಂ ಹೇರಳ. ಅದು ಮೂತ್ರ ಹೆಚ್ಚಿಸುತ್ತದೆಂಬ ಹಳೆಯ ನಂಬಿಕೆ ಫ್ರೆಂಚರು ಅದಕ್ಕಿಟ್ಟ ಹೆಸರಿನಲ್ಲೇ ಇದೆ: 'ಪಿಸಾಂಲಿ', ಹಾಸಿಗೆ ಒದ್ದೆಮಾಡುವುದು. 2009ರಲ್ಲಿ ಪ್ರಕಟವಾದ ಒಂದು ಪ್ರಯೋಗ ಈ ನಂಬಿಕೆಯನ್ನು ಸ್ವಲ್ಪ ಬೆಂಬಲಿಸಿತು. ಆದರೆ ಪಾಲ್ಗೊಂಡವರು ಬರೀ 17 ಮಂದಿ.

ಚಿಕೋರಿ ಕಾಫಿಗೆ ಜೊತೆಯಾದದ್ದು ಅಭಾವದಿಂದ. 1806ರಲ್ಲಿ ನೆಪೋಲಿಯನ್ ಇಂಗ್ಲೆಂಡಿನ ವ್ಯಾಪಾರಕ್ಕೆ ತಡೆಯೊಡ್ಡಿದಾಗ ಕಾಫಿ ದುರ್ಲಭವಾಗಿ, ಫ್ರಾನ್ಸಿನಲ್ಲಿ ಈ ಬೇರಿನ ಬಳಕೆ ಹಬ್ಬಿತು. ಯೆಮನ್‌ನಿಂದ ಬಾಬಾ ಬುಡನ್ ತಂದರೆಂದು ನಮ್ಮ ನಾಡು ನಂಬುವ ಬೀಜವೂ, ಹಕೀಮರ ಕಾಸನಿಯೂ ಈಗ ಒಂದೇ ಫಿಲ್ಟರಿನಲ್ಲಿ ಇಳಿಯುತ್ತಿವೆ. ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಕೂಡದೆಂದು ಕಾನೂನು ಹೇಳುತ್ತದೆ.

ಹಾಗೆಂದು ಲೋಟದ ಕಾಫಿಯನ್ನು ಯಕೃತ್ತಿನ ಔಷಧಿಯೆಂದು ಕುಡಿಯಬೇಕಿಲ್ಲ. ಹುರಿದ ಬೇರು ಹಕೀಮರ ಕಷಾಯವಲ್ಲ. ಪಿತ್ತನಾಳ ಕಟ್ಟಿಕೊಂಡವರು, ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು ಡ್ಯಾಂಡಲಿಯನ್ ಪುಡಿಯ ಡಬ್ಬಿ ತೆರೆಯುವ ಮೊದಲು ವೈದ್ಯರನ್ನು ಕೇಳುವುದು ಒಳ್ಳೆಯದು.