ನೆರೆಯ ದೊರೆಯ ವ್ಯಂಗ್ಯಚಿತ್ರ: ಆಫ್ರಿಕಾದ ಪತ್ರಿಕಾ ಸ್ವಾತಂತ್ರ್ಯ ಮತ್ತು ನೆರೆಹೊರೆಯ ರಾಜಕಾರಣ

ಪ್ರಸ್ತಾವನೆ

2015ರ ಜನವರಿಯಲ್ಲಿ ಟಾಂಜಾನಿಯಾ ಸರ್ಕಾರ ‘ದಿ ಈಸ್ಟ್ ಆಫ್ರಿಕನ್’ ಎಂಬ ವಾರಪತ್ರಿಕೆಯ ಮಾರಾಟವನ್ನು ತನ್ನ ದೇಶದಲ್ಲಿ ನಿಷೇಧಿಸಿತು. ಪತ್ರಿಕೆ ಕೀನ್ಯಾದ ರಾಜಧಾನಿ ನೈರೋಬಿಯದು. 1994ರಲ್ಲಿ ಆರಂಭವಾಗಿ ಸುಮಾರು 20 ವರ್ಷಗಳಿಂದ ಪೂರ್ವ ಆಫ್ರಿಕಾದ ಊರೂರುಗಳಲ್ಲಿ ಓದುಗರನ್ನು ಪಡೆದಿತ್ತು. ಸರ್ಕಾರ ಕೊಟ್ಟ ಕಾರಣ ಸರಳ: ಪತ್ರಿಕೆ ಟಾಂಜಾನಿಯಾದಲ್ಲಿ ನೋಂದಣಿಯಾಗಿಲ್ಲ. ಆದರೆ ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದ ಈ ಕೊರತೆ ಬೆಳಕಿಗೆ ಬಂದದ್ದು, ಅಧ್ಯಕ್ಷ ಜಕಾಯಾ ಕಿಕ್ವೆಟೆ ಅವರನ್ನು ಗೇಲಿ ಮಾಡಿದ ಒಂದು ವ್ಯಂಗ್ಯಚಿತ್ರ ಅಚ್ಚಾದ ಬೆನ್ನಲ್ಲೇ. ಚಿತ್ರ ಬರೆದವರು ‘ಗಾಡೊ’ ಎಂಬ ಹೆಸರಿನಿಂದ ಪ್ರಸಿದ್ಧರಾದ ಗಾಡ್‌ಫ್ರೆ ಮ್ವಾಂಪೆಂಬ್ವಾ. ಅವರು ಹುಟ್ಟಿದ್ದು ಟಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ.

ಒಂದು ದೇಶದಲ್ಲಿ ಅಚ್ಚಾದ ನಗೆ ಪಕ್ಕದ ದೇಶದ ಅರಮನೆಗೆ ನಾಟಿದಾಗ ಏನಾಗುತ್ತದೆ? ಆಫ್ರಿಕಾದ ಇತಿಹಾಸದಲ್ಲಿ ಇದಕ್ಕೆ ಎರಡು ಘಟ್ಟಗಳ ಉತ್ತರವಿದೆ. ಮೊದಲ ಘಟ್ಟದಲ್ಲಿ ಪತ್ರಕರ್ತನನ್ನು ನ್ಯಾಯಾಲಯದ ಕಟಕಟೆಯಲ್ಲಿ ನಿಲ್ಲಿಸಲಾಗುತ್ತಿತ್ತು. ನ್ಯಾಯಾಲಯಗಳು ಪತ್ರಿಕೆಗಳ ಪರವಾಗಿ ಮಾತಾಡತೊಡಗಿದ ಮೇಲೆ ಒತ್ತಡ ಮಾಲೀಕ ಸಂಸ್ಥೆಯ ಪರವಾನಗಿ ಮತ್ತು ಬಂಡವಾಳದತ್ತ ತಿರುಗಿತು. ಈ ಎರಡನೆಯ ದಾರಿ ಹೆಚ್ಚು ಸದ್ದಿಲ್ಲದ್ದು, ಹೆಚ್ಚು ಪರಿಣಾಮಕಾರಿಯೂ ಹೌದು ಎಂಬುದು ಈ ಲೇಖನದ ವಾದ.

ವಸಾಹತು ಕಾಲದ ಉಳಿಕೆ

ಬ್ರಿಟಿಷರು ತಮ್ಮ ಆಫ್ರಿಕನ್ ವಸಾಹತುಗಳಿಗೆ ಕೊಟ್ಟ ದಂಡಸಂಹಿತೆಗಳಲ್ಲಿ ‘ವಿದೇಶಿ ರಾಜರ ಮಾನಹಾನಿ’ ಎಂಬ ಅಪರಾಧವಿತ್ತು. ಪರದೇಶದ ದೊರೆ, ರಾಯಭಾರಿ ಅಥವಾ ಗಣ್ಯರನ್ನು ಜನರ ತಿರಸ್ಕಾರಕ್ಕೆ ಗುರಿಮಾಡಿ, ಆ ಮೂಲಕ ಎರಡು ದೇಶಗಳ ಸ್ನೇಹ ಕೆಡಿಸುವ ಉದ್ದೇಶದಿಂದ ಏನನ್ನಾದರೂ ಪ್ರಕಟಿಸುವುದು ಶಿಕ್ಷಾರ್ಹ. ಸ್ವಾತಂತ್ರ್ಯ ಬಂದ ಮೇಲೂ ಕೀನ್ಯಾ, ಉಗಾಂಡಾ, ಜಾಂಬಿಯಾ ಮೊದಲಾದ ದೇಶಗಳು ಈ ಕಲಮನ್ನು ಉಳಿಸಿಕೊಂಡವು. ಲಂಡನ್ನಿನ ಹಿತಕ್ಕಾಗಿ ಹೆಣೆದ ಬಲೆ ನೆರೆಯ ಆಫ್ರಿಕನ್ ಅಧ್ಯಕ್ಷರಿಗೂ ಒದಗಿಬಂತು. ಭಾರತದ ಓದುಗರಿಗೆ ಈ ಯೋಚನೆ ಹೊಸದೇನಲ್ಲ: ನಮ್ಮ ಸಂವಿಧಾನಕ್ಕೆ 1951ರಲ್ಲಿ ಆದ ಮೊದಲ ತಿದ್ದುಪಡಿ, ‘ವಿದೇಶಗಳೊಡನೆ ಸ್ನೇಹಸಂಬಂಧ’ವನ್ನು ವಾಕ್ ಸ್ವಾತಂತ್ರ್ಯದ ಮೇಲೆ ನಿರ್ಬಂಧ ಹೇರಲು ಒಂದು ಕಾರಣವಾಗಿ ಸೇರಿಸಿತು.

ಈ ಕಲಮು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ 1990ರ ಉಗಾಂಡಾದ ಪ್ರಕರಣ ಸಾಕ್ಷಿ. ಜಾಂಬಿಯಾದ ಅಧ್ಯಕ್ಷ ಕೆನ್ನೆತ್ ಕೌಂಡಾ ಅಲ್ಲಿಗೆ ಬಂದಿದ್ದಾಗ ಪತ್ರಿಕಾಗೋಷ್ಠಿಯಲ್ಲಿ ಇರುಸುಮುರುಸಾಗುವ ಪ್ರಶ್ನೆ ಕೇಳಿದ ಮೂವರು ಪತ್ರಕರ್ತರ ಮೇಲೆ ವಿದೇಶಿ ಗಣ್ಯರ ಮಾನಹಾನಿಯ ಆರೋಪ ಹೊರಿಸಲಾಯಿತು. ಅವರು ಬರೆದಿರಲಿಲ್ಲ, ಚಿತ್ರ ಬಿಡಿಸಿರಲಿಲ್ಲ; ಕೇಳಿದ್ದಷ್ಟೇ ತಪ್ಪಾಯಿತು.

ಫ್ರೆಂಚ್ ಆಳ್ವಿಕೆಗೆ ಒಳಗಾಗಿದ್ದ ದೇಶಗಳಿಗೂ ಇಂಥದೇ ಬಳುವಳಿ ಸಿಕ್ಕಿತು. ಫ್ರಾನ್ಸಿನ 1881ರ ಪತ್ರಿಕಾ ಕಾನೂನಿನ 36ನೆಯ ವಿಧಿ ವಿದೇಶಿ ರಾಷ್ಟ್ರಮುಖ್ಯಸ್ಥರ ಅವಹೇಳನವನ್ನು ಅಪರಾಧವಾಗಿಸಿತ್ತು. ಮೊರಾಕ್ಕೊದ ದೊರೆ ಎರಡನೆಯ ಹಸನ್ ಇದೇ ವಿಧಿಯನ್ನು ಹಿಡಿದು ಪ್ಯಾರಿಸ್‌ನ ‘ಲ ಮೋಂದ್’ ಪತ್ರಿಕೆಗೆ ಶಿಕ್ಷೆ ಕೊಡಿಸಿದರು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2002ರಲ್ಲಿ ಆ ಶಿಕ್ಷೆ ತಪ್ಪೆಂದಿತು. 2004ರಲ್ಲಿ ಫ್ರಾನ್ಸ್ ವಿಧಿಯನ್ನೇ ಕೈಬಿಟ್ಟಿತು. ಮೂಲದಲ್ಲಿ ಸತ್ತ ಕಾನೂನು ಮಾಜಿ ವಸಾಹತುಗಳಲ್ಲಿ ಬದುಕಿ ಉಳಿಯಿತು.

ಗಡಾಫಿ ಮತ್ತು ಉತ್ತರ ಆಫ್ರಿಕಾ

ಆ ಉಳಿಕೆಯನ್ನು ಚೆನ್ನಾಗಿ ಬಳಸಿಕೊಂಡವರು ಲಿಬಿಯಾದ ಮುಅಮ್ಮರ್ ಗಡಾಫಿ. ಸ್ವಂತ ದೇಶದಲ್ಲಿ ಸ್ವತಂತ್ರ ಪತ್ರಿಕೆಗಳನ್ನೇ ಇಟ್ಟುಕೊಳ್ಳದ ಅವರು ನೆರೆದೇಶಗಳ ಪತ್ರಿಕೆಗಳ ಮೇಲೆ ಅಲ್ಲಿಯ ನ್ಯಾಯಾಲಯಗಳಲ್ಲೇ ದಾವೆ ಹೂಡಿದರು. ಸಹಾರಾದ ತುವಾರೆಗ್ ಜನರ ವಿಚಾರದಲ್ಲಿ ಲಿಬಿಯಾದ ಪಾತ್ರದ ಬಗ್ಗೆ ಬರೆದ ಅಲ್ಜೀರಿಯಾದ ‘ಎಶ್ಶೊರೂಕ್’ ಪತ್ರಿಕೆಯ ಮುಖ್ಯಸ್ಥರಿಗೂ ವರದಿಗಾರ್ತಿಗೂ 2006ರಲ್ಲಿ ಕೆಳಹಂತದ ನ್ಯಾಯಾಲಯ ಆರು ತಿಂಗಳ ಸಜೆ ವಿಧಿಸಿತು. ಮೊರಾಕ್ಕೊದಲ್ಲಿ 2009ರಲ್ಲಿ ಮೂರು ದಿನಪತ್ರಿಕೆಗಳು ಗಡಾಫಿಯ ಘನತೆಗೆ ಕುಂದು ತಂದವೆಂದು ದೊಡ್ಡ ಮೊತ್ತದ ಪರಿಹಾರ ಕೊಡಬೇಕಾಯಿತು. ಎರಡೂ ಕಡೆ ತೀರ್ಪು ಕೊಟ್ಟದ್ದು ಆತಿಥೇಯ ದೇಶದ ನ್ಯಾಯಾಲಯ, ಸಮಾಧಾನಗೊಂಡದ್ದು ನೆರೆದೇಶದ ಆಳುವವರು. ಸರ್ಕಾರಗಳ ಸ್ನೇಹಕ್ಕೆ ಪತ್ರಿಕೆ ತೆತ್ತ ಸುಂಕ ಇದು.

ಅಲ್ಜೀರಿಯಾ ಮತ್ತು ಮೊರಾಕ್ಕೊ ನಡುವಿನ ಸಂಬಂಧದಲ್ಲಿ ಇಂಥ ಸ್ನೇಹಕ್ಕೆ ಎಡೆಯಿರಲಿಲ್ಲ. ಪಶ್ಚಿಮ ಸಹಾರಾದ ಪ್ರಶ್ನೆ ಎರಡೂ ದೇಶಗಳನ್ನು ದಶಕಗಳ ಕಾಲ ಬಿಗುವಿನಲ್ಲಿ ಇಟ್ಟಿದೆ. 2021ರ ಫೆಬ್ರುವರಿಯಲ್ಲಿ ಅಲ್ಜೀರಿಯಾದ ಖಾಸಗಿ ವಾಹಿನಿಯೊಂದು ಮೊರಾಕ್ಕೊದ ದೊರೆ ಆರನೆಯ ಮೊಹಮ್ಮದ್ ಅವರ ಗೊಂಬೆ ಮಾಡಿ ಅಣಕವಾಡಿದಾಗ ಮೊರಾಕ್ಕೊದಲ್ಲಿ ದೊಡ್ಡ ಕೋಲಾಹಲವೆದ್ದಿತು. ಅದೇ ವರ್ಷ ಆಗಸ್ಟ್ 24ರಂದು ಅಲ್ಜೀರಿಯಾ ರಾಜತಾಂತ್ರಿಕ ಸಂಬಂಧ ಕಡಿದುಕೊಂಡಿತು. ಗೊಂಬೆಯಿಂದಲೇ ಸಂಬಂಧ ಮುರಿಯಿತೆಂದರೆ ಅತಿಶಯೋಕ್ತಿ. ಆದರೆ ಇಲ್ಲಿ ಇನ್ನೊಂದು ಅಂಶ ಗಮನಾರ್ಹ: ತನ್ನ ಆಳುವವರನ್ನು ಅಣಕಿಸಿದವರನ್ನು ಶಿಕ್ಷಿಸುವ ಎರಡೂ ದೇಶಗಳಲ್ಲಿ ನೆರೆಯವನ ಅಣಕಕ್ಕೆ ಸಲೀಸು ದಾರಿಯಿತ್ತು. ಅಲ್ಜೀರಿಯಾ 2001ರಲ್ಲಿ ದಂಡಸಂಹಿತೆಗೆ ತಂದ ತಿದ್ದುಪಡಿ ಅಧ್ಯಕ್ಷರ ಅವಹೇಳನಕ್ಕೆ ಶಿಕ್ಷೆ ಬಿಗಿಗೊಳಿಸಿದಾಗ, ಜನ ಅದನ್ನು ಅಲ್ಲಿಯ ವ್ಯಂಗ್ಯಚಿತ್ರಕಾರ ಅಲಿ ದಿಲೆಮ್ ಹೆಸರಿನಿಂದಲೇ ಕರೆದರು. ಮೊರಾಕ್ಕೊದಲ್ಲಿ 2003ರಲ್ಲಿ ಸಂಪಾದಕ ಅಲಿ ಲಮ್ರಾಬೆತ್ ವ್ಯಂಗ್ಯಚಿತ್ರಗಳೂ ಸೇರಿದಂತೆ ತಮ್ಮ ಪತ್ರಿಕೆಯ ಬರಹಗಳಿಗಾಗಿ ಜೈಲು ಸೇರಿದರು. ಇಂಥ ಕಡೆ ನೆರೆದೇಶದ ದೊರೆಯ ಚಿತ್ರವನ್ನು ಸ್ವಾತಂತ್ರ್ಯದ ಕುರುಹೆಂದು ಓದಲಾಗದು. ಅದು ಸರ್ಕಾರದ ಮಾತಿನ ಮುಂದುವರಿಕೆಯೂ ಆಗಿರಬಹುದು.

ಪೂರ್ವ ಆಫ್ರಿಕಾ: ಒಂದೇ ಮಾರುಕಟ್ಟೆ, ಹಲವು ಸರ್ಕಾರ

ಪೂರ್ವ ಆಫ್ರಿಕಾದ ಸಂಗತಿ ಬೇರೆ. ಕೀನ್ಯಾ, ಉಗಾಂಡಾ, ಟಾಂಜಾನಿಯಾ ಮೂರೂ ಇಂಗ್ಲಿಷ್ ಹಾಗೂ ಸ್ವಾಹಿಲಿ ಓದುಗರಿರುವ ದೇಶಗಳು. 1960ರಲ್ಲಿ ಆಗಾ ಖಾನ್ ನೈರೋಬಿಯಲ್ಲಿ ಸ್ಥಾಪಿಸಿದ ‘ನೇಷನ್’ ಬಳಗ ಮುಂದೆ ಉಗಾಂಡಾದ ‘ಮಾನಿಟರ್’ ಹಾಗೂ ಟಾಂಜಾನಿಯಾದ ‘ಮ್ವಾನಾಂಚಿ’, ‘ದಿ ಸಿಟಿಜನ್’ ಪತ್ರಿಕೆಗಳನ್ನು ತನ್ನ ತೆಕ್ಕೆಗೆ ತೆಗೆದುಕೊಂಡಿತು. ‘ದಿ ಈಸ್ಟ್ ಆಫ್ರಿಕನ್’ ಕೂಡ ಇದೇ ಬಳಗದ್ದು. ಹೀಗೆ ಒಂದೇ ಕಂಪನಿಯ ಹಣ ಮೂರು ಸರ್ಕಾರಗಳ ಕೈಗೆಟಕುವಂತಾಯಿತು.

ಕೀನ್ಯಾ ಮತ್ತು ಟಾಂಜಾನಿಯಾ ನಡುವಿನ ಮುನಿಸಿಗೂ ಹಳೆಯ ಚರಿತ್ರೆಯಿದೆ. ಒಂದು ಬಂಡವಾಳಶಾಹಿ ದಾರಿ ಹಿಡಿದರೆ ಇನ್ನೊಂದು ಜೂಲಿಯಸ್ ನೈರೇರೆಯವರ ಸಮಾಜವಾದದ ದಾರಿ ಹಿಡಿಯಿತು. 1977ರಲ್ಲಿ ಪೂರ್ವ ಆಫ್ರಿಕಾ ಸಮುದಾಯ ಮುರಿದುಬಿದ್ದು, ಟಾಂಜಾನಿಯಾ ಮುಚ್ಚಿದ ಗಡಿ 1983ರವರೆಗೆ ತೆರೆಯಲಿಲ್ಲ. ಸಮುದಾಯದ ಹೊಸ ಒಪ್ಪಂದಕ್ಕೆ 1999ರಲ್ಲಿ ಸಹಿ ಬಿದ್ದು 2000ದಲ್ಲಿ ಅದು ಜಾರಿಗೆ ಬಂದರೂ, ನೈರೋಬಿಯವರು ತಮ್ಮನ್ನು ಕೀಳಾಗಿ ಕಾಣುತ್ತಾರೆಂಬ ಶಂಕೆ ದಾರ್ ಎಸ್ ಸಲಾಮ್‌ನಲ್ಲಿ ಪೂರ್ತಿ ಹೋಗಿರಲಿಲ್ಲ. 2013ರಲ್ಲಿ ಕೀನ್ಯಾ, ಉಗಾಂಡಾ, ರುವಾಂಡಾ ಅಧ್ಯಕ್ಷರು ಟಾಂಜಾನಿಯಾವನ್ನು ಬಿಟ್ಟು ಸಭೆ ಸೇರತೊಡಗಿದಾಗ ಆ ಶಂಕೆಗೆ ಮತ್ತೆ ಜೀವ ಬಂತು.

ಗಾಡೊ ಪ್ರಕರಣ

ಕೀನ್ಯಾದಲ್ಲಿ 1991ರ ಕೊನೆಗೆ ಏಕಪಕ್ಷ ಆಡಳಿತದ ಕಾನೂನು ರದ್ದಾಗಿ, ವ್ಯಂಗ್ಯಚಿತ್ರಕ್ಕೆ ಹೊಸ ಅವಕಾಶ ತೆರೆದಿತ್ತು. ಮರುವರ್ಷ ವಾಸ್ತುಶಿಲ್ಪದ ಓದನ್ನು ಬಿಟ್ಟು ನೈರೋಬಿಗೆ ಬಂದ ಗಾಡೊ ‘ನೇಷನ್’ ಸೇರಿದರು. ಎರಡು ದಶಕಗಳಲ್ಲಿ ಅವರು ಆ ಪ್ರದೇಶದ ಅತ್ಯಂತ ಪರಿಚಿತ ವ್ಯಂಗ್ಯಚಿತ್ರಕಾರರಾದರು. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಮೊಕದ್ದಮೆ ಎದುರಿಸುತ್ತಿದ್ದ ಉಹುರು ಕೆನ್ಯಾಟಾ ಮತ್ತು ವಿಲಿಯಂ ರೂಟೊ ಅವರನ್ನು ಕಾಲಿಗೆ ಸರಪಳಿ, ಕಬ್ಬಿಣದ ಗುಂಡು ಕಟ್ಟಿಕೊಂಡ ಕೈದಿಗಳಂತೆ ಬಿಡಿಸುವುದು ಅವರ ರೂಢಿ. ಅವರಿಬ್ಬರೂ ಅಧ್ಯಕ್ಷ, ಉಪಾಧ್ಯಕ್ಷರಾದ ಮೇಲೂ ಸರಪಳಿ ಕಳಚಲಿಲ್ಲ.

ಕಿಕ್ವೆಟೆ ಚಿತ್ರ ಬಂದ ಹೊತ್ತಿಗೆ ಟಾಂಜಾನಿಯಾ ‘ಎಸ್ಕ್ರೊ’ ಹಗರಣದಲ್ಲಿ ಮುಳುಗಿತ್ತು. ವಿದ್ಯುತ್ ಒಪ್ಪಂದವೊಂದಕ್ಕೆ ಸೇರಿದ ಖಾತೆಯಿಂದ ಭಾರಿ ಮೊತ್ತ ಹೊರಹೋದ ಆರೋಪದಿಂದ ಮಂತ್ರಿಗಳು ಅಧಿಕಾರ ಕಳೆದುಕೊಂಡಿದ್ದರು. ದಾನಿ ದೇಶಗಳು ನೆರವು ತಡೆಹಿಡಿದಿದ್ದವು. ಗಾಡೊ ಅಧ್ಯಕ್ಷರನ್ನು ರೋಮನ್ ಚಕ್ರವರ್ತಿಯ ಭಂಗಿಯಲ್ಲಿ ಒರಗಿಸಿ, ಭ್ರಷ್ಟಾಚಾರ, ಅದಕ್ಷತೆ, ಸ್ವಜನಪಕ್ಷಪಾತ ಎಂಬ ಹೆಸರಿನ ಹೆಂಗಳೆಯರು ಅವರನ್ನು ಉಪಚರಿಸುವಂತೆ ತೋರಿಸಿದರು. ಹಗರಣದ ವರದಿಗಳನ್ನು ಸಹಿಸಿಕೊಂಡಿದ್ದ ಸರ್ಕಾರಕ್ಕೆ ಈ ವಿಲಾಸದ ಚಿತ್ರ ಸಹ್ಯವಾಗಲಿಲ್ಲ. ಅಂಕಿಅಂಶದ ವರದಿಗೆ ಪ್ರತಿ ಅಂಕಿಅಂಶ ಕೊಡಬಹುದು. ನಗುವಿಗೆ ಪ್ರತ್ಯುತ್ತರ ಕೊಡುವ ಇಲಾಖೆ ಯಾವ ಸರ್ಕಾರದಲ್ಲೂ ಇಲ್ಲ.

ಅದೇ ವೇಳೆ ಎರಡೂ ದೇಶಗಳು ಬೇರೊಂದು ಜಗಳದಲ್ಲಿದ್ದವು. 2014ರ ಡಿಸೆಂಬರ್‌ನಲ್ಲಿ ಕೀನ್ಯಾ ನೈರೋಬಿಯ ವಿಮಾನ ನಿಲ್ದಾಣಕ್ಕೆ ಟಾಂಜಾನಿಯಾದ ಪ್ರವಾಸಿ ವಾಹನಗಳು ಬರುವುದನ್ನು ತಡೆದಿತ್ತು. 2015ರ ಮಾರ್ಚ್‌ನಲ್ಲಿ ಟಾಂಜಾನಿಯಾ, ಕೀನ್ಯಾ ಏರ್‌ವೇಸ್‌ನ ವಾರದ ವಿಮಾನಗಳನ್ನು 42ರಿಂದ 14ಕ್ಕೆ ಇಳಿಸಿತು. ಈ ವ್ಯಾಜ್ಯ ಬಗೆಹರಿಯಲು ಇಬ್ಬರು ಅಧ್ಯಕ್ಷರು ನಮೀಬಿಯಾದಲ್ಲಿ ಮುಖಾಮುಖಿ ಮಾತಾಡಿದ್ದೇ ಸಾಕಾಯಿತು. ವಾಹನಗಳೂ ವಿಮಾನಗಳೂ ಮೊದಲಿನಂತೆ ಓಡಾಡಿದವು. ಪತ್ರಿಕೆಯ ಮೇಲಿನ ನಿಷೇಧ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಕಿಕ್ವೆಟೆ ಅಧಿಕಾರದಿಂದ ಇಳಿದು, ಜಾನ್ ಮಾಗುಫುಲಿ ಬಂದ ಮೇಲಷ್ಟೇ ಅದು ತೆರವಾಯಿತು. ಪ್ರವಾಸೋದ್ಯಮಕ್ಕಾಗಿ ಇಬ್ಬರು ಅಧ್ಯಕ್ಷರು ಕೂತು ಮಾತಾಡಿದರು; ಓದುಗರಿಗಾಗಿ ಅಂಥ ಮಾತುಕತೆ ನಡೆಯಲಿಲ್ಲ.

ಇತ್ತ ಗಾಡೊ ಅವರನ್ನು ಸಂಸ್ಥೆ 2015ರಲ್ಲಿ ದೀರ್ಘ ರಜೆಯ ಮೇಲೆ ಕಳಿಸಿತು. 2016ರ ಆರಂಭದಲ್ಲಿ ಒಪ್ಪಂದ ನವೀಕರಣವಾಗದೆ ಅವರ ಕೆಲಸ ಕೊನೆಗೊಂಡಿತು. ಇದರ ಹಿಂದೆ ರಾಜಕೀಯ ಒತ್ತಡವಿತ್ತೆಂದು ಗಾಡೊ ಬಹಿರಂಗವಾಗಿ ಹೇಳಿದರು. ಅದೇ ವರ್ಷ ಜಿನೀವಾದಲ್ಲಿ ಮಲೇಷ್ಯಾದ ಜುನಾರ್ ಜೊತೆ ಅವರಿಗೆ ಅಂತರರಾಷ್ಟ್ರೀಯ ವ್ಯಂಗ್ಯಚಿತ್ರ ಪ್ರಶಸ್ತಿ ಬಂತು.

ಪರವಾನಗಿಯ ದಾರಿ

ಗಾಡೊ ಪ್ರಕರಣವನ್ನು ಒಂಟಿಯಾಗಿ ನೋಡಿದರೆ ಅದು ಒಬ್ಬ ಅಧ್ಯಕ್ಷರ ಮುಂಗೋಪವೆನಿಸಬಹುದು. ಅದೇ ಬಳಗದ ಬೇರೆ ಪತ್ರಿಕೆಗಳ ಅನುಭವದೊಂದಿಗೆ ಇಟ್ಟಾಗ ಒಂದು ಮಾದರಿ ಕಾಣುತ್ತದೆ. 2013ರ ಮೇ ತಿಂಗಳಲ್ಲಿ, ಅಧ್ಯಕ್ಷರ ಉತ್ತರಾಧಿಕಾರದ ಬಗ್ಗೆ ಸೇನಾಧಿಕಾರಿಯೊಬ್ಬರ ಪತ್ರ ಪ್ರಕಟಿಸಿದ್ದಕ್ಕೆ ಉಗಾಂಡಾ ಪೊಲೀಸರು ‘ಮಾನಿಟರ್’ ಕಚೇರಿಯನ್ನು ಸುಮಾರು 10 ದಿನ ಮುತ್ತಿಗೆ ಹಾಕಿದ್ದರು. ಬಾಗಿಲು ತೆರೆದದ್ದು ಬಳಗದ ಮುಖ್ಯಸ್ಥರು ಅಧ್ಯಕ್ಷ ಮುಸೆವೆನಿಯವರ ಜೊತೆ ಮಾತಾಡಿದ ಬಳಿಕ. 2024ರ ಅಕ್ಟೋಬರ್‌ನಲ್ಲಿ ಟಾಂಜಾನಿಯಾದ ಸಂವಹನ ಪ್ರಾಧಿಕಾರ ‘ದಿ ಸಿಟಿಜನ್’, ‘ಮ್ವಾನಾಂಚಿ’ಗಳನ್ನು ನಡೆಸುವ ಸಂಸ್ಥೆಯ ಅಂತರ್ಜಾಲ ಪರವಾನಗಿಯನ್ನು 30 ದಿನ ಅಮಾನತಿನಲ್ಲಿಟ್ಟಿತು. ಆಗಿನ ತಪ್ಪು ಒಂದು ಅನಿಮೇಷನ್ ತುಣುಕು: ಅಧ್ಯಕ್ಷೆ ಸಮಿಯಾ ಸುಲುಹು ಹಸನ್ ಅವರನ್ನು ಹೋಲುವ ಪಾತ್ರ ಟಿ.ವಿ. ವಾಹಿನಿಗಳನ್ನು ಬದಲಿಸುತ್ತ ಹೋದಂತೆ, ಪ್ರತಿ ವಾಹಿನಿಯಲ್ಲೂ ಜನ ಕಾಣೆಯಾದ ತಮ್ಮವರಿಗಾಗಿ ಗೋಳಿಡುತ್ತಾರೆ.

ಈ ಮೂರೂ ಕಡೆ ಯಾವ ಚಿತ್ರಕಾರನ ಮೇಲೂ ಮೊಕದ್ದಮೆ ಹೂಡಲಿಲ್ಲ. ಮೊಕದ್ದಮೆ ನಡೆದರೆ ವಾದ ನಡೆಯುತ್ತದೆ, ಚಿತ್ರ ಮತ್ತೆ ಮತ್ತೆ ಜನರ ಮುಂದೆ ಬರುತ್ತದೆ, ತೀರ್ಪು ಸರ್ಕಾರದ ವಿರುದ್ಧವೂ ಹೋಗಬಹುದು. ಪರವಾನಗಿ ತಡೆದರೆ ಈ ತಾಪತ್ರಯವಿಲ್ಲ. ಮಾರಾಟ, ಜಾಹೀರಾತು ನಿಂತು ನಷ್ಟ ಬೆಳೆಯುವಾಗ ನಿರ್ಧಾರ ಸಂಪಾದಕರ ಮೇಜಿನಿಂದ ಆಡಳಿತ ಮಂಡಳಿಯ ಮೇಜಿಗೆ ಹೋಗುತ್ತದೆ. ಹೀಗೆ ದಾರ್ ಎಸ್ ಸಲಾಮ್‌ನ ಅಸಮಾಧಾನ ನೈರೋಬಿಯ ಪುಟದಲ್ಲಿ ಏನು ಬರಬೇಕೆಂಬುದನ್ನು ತೀರ್ಮಾನಿಸಬಲ್ಲದು.

ನ್ಯಾಯಾಲಯಗಳು ಹೇಳಿದ್ದು

ಇದೇ ಅವಧಿಯಲ್ಲಿ ನ್ಯಾಯಾಲಯಗಳು ಸಾಗಿದ ದಿಕ್ಕು ಬೇರೆ. ಕಾಂಗೊದ ಲೊರಾಂ ಕಬಿಲಾ ಉಗಾಂಡಾಕ್ಕೆ ಚಿನ್ನದ ರೂಪದಲ್ಲಿ ಋಣ ತೀರಿಸಿದರೆಂಬ 1997ರ ವರದಿಗಾಗಿ ‘ಮಾನಿಟರ್’ನ ಚಾರ್ಲ್ಸ್ ಒನ್ಯಾಂಗೊ-ಒಬ್ಬೊ ಮತ್ತು ಆಂಡ್ರ್ಯೂ ಮ್ವೆಂಡಾ ವಿಚಾರಣೆ ಎದುರಿಸಿದ್ದರು. 2004ರಲ್ಲಿ ಉಗಾಂಡಾದ ಸುಪ್ರೀಂ ಕೋರ್ಟ್ ‘ಸುಳ್ಳು ಸುದ್ದಿ’ಯ ಆ ಕಲಮನ್ನೇ ಸಂವಿಧಾನಬಾಹಿರವೆಂದು ಹೊಡೆದುಹಾಕಿತು. ಆಫ್ರಿಕಾದ ಮಾನವ ಹಕ್ಕುಗಳ ನ್ಯಾಯಾಲಯ 2014ರಲ್ಲಿ ಬುರ್ಕಿನಾ ಫಾಸೊದ ಪ್ರಕರಣದಲ್ಲಿ ಮಾನಹಾನಿಗೆ ಜೈಲು ಶಿಕ್ಷೆ ಸಲ್ಲದೆಂದಿತು. ರುವಾಂಡಾ 2018ರ ದಂಡಸಂಹಿತೆಯಲ್ಲಿ ಅಧಿಕಾರಿಗಳನ್ನು ವ್ಯಂಗ್ಯಚಿತ್ರದ ಮೂಲಕ ಅವಮಾನಿಸುವುದನ್ನು ಹೆಸರಿಸಿಯೇ ಅಪರಾಧವಾಗಿಸಿತ್ತು. ಮರುವರ್ಷ ಅದರ ಸುಪ್ರೀಂ ಕೋರ್ಟ್ ಆ ವಿಧಿಯನ್ನು ರದ್ದುಪಡಿಸಿತು, ಅಧ್ಯಕ್ಷರ ಅವಮಾನಕ್ಕಿದ್ದ ಶಿಕ್ಷೆಯನ್ನು ಮಾತ್ರ ಉಳಿಸಿತು.

ಪೂರ್ವ ಆಫ್ರಿಕಾ ನ್ಯಾಯಾಲಯದ ತೀರ್ಪುಗಳು ನಮ್ಮ ವಿಷಯಕ್ಕೆ ಇನ್ನೂ ಹತ್ತಿರದವು. ಅದು 2018ರಲ್ಲಿ ಟಾಂಜಾನಿಯಾದ ‘ಮ್ಸೆಟೊ’ ವಾರಪತ್ರಿಕೆಯ ಮೇಲಿನ ನಿಷೇಧವನ್ನು ಅಕ್ರಮವೆಂದಿತು. 2019ರಲ್ಲಿ ಟಾಂಜಾನಿಯಾದ 2016ರ ಮಾಧ್ಯಮ ಸೇವಾ ಕಾಯ್ದೆಯ ಹಲವು ವಿಧಿಗಳು ಸಮುದಾಯದ ಒಪ್ಪಂದಕ್ಕೆ ವಿರುದ್ಧವೆಂದು ತೀರ್ಮಾನಿಸಿತು. ಪತ್ರಿಕಾ ಸ್ವಾತಂತ್ರ್ಯ ಒಂದು ದೇಶದ ಮನೆವಾರ್ತೆಯಲ್ಲ, ಒಪ್ಪಂದಕ್ಕೆ ಸಹಿ ಹಾಕಿದ ಎಲ್ಲರ ಹೊಣೆ ಎಂಬ ತತ್ತ್ವ ಇಲ್ಲಿ ನೆಲೆ ಪಡೆಯಿತು. ಆದರೂ 2019ರ ಆಗಸ್ಟ್‌ನಲ್ಲಿ, ಗಡಿ ಜಗಳದ ನಡುವೆ ಉಗಾಂಡಾ ಮತ್ತು ರುವಾಂಡಾ ಪರಸ್ಪರರ ಸುದ್ದಿತಾಣಗಳಿಗೆ ತಡೆ ಹಾಕಿದಾಗ ಈ ತತ್ತ್ವವನ್ನು ಯಾರೂ ನೆನೆಯಲಿಲ್ಲ.

ಉಪಸಂಹಾರ

ಕೀನ್ಯಾವನ್ನು ಸ್ವಾತಂತ್ರ್ಯದ ತವರೆಂದೂ ನೆರೆಯವರನ್ನು ಅದರ ವೈರಿಗಳೆಂದೂ ಬಗೆಯುವುದು ಸರಿಯಾಗದು. ಅಧ್ಯಕ್ಷ ರೂಟೊ ಅವರ ನೆರಳುಚಿತ್ರಗಳಿಂದ ಹೆಸರಾದ ‘ಕಿಬೆಟ್ ಬುಲ್’ ಎಂಬ ವ್ಯಂಗ್ಯಚಿತ್ರಕಾರ 2024ರ ಡಿಸೆಂಬರ್‌ನಲ್ಲಿ ಅಪಹರಣಕ್ಕೊಳಗಾಗಿ ಮರುತಿಂಗಳು ಹಿಂದಿರುಗಿದ್ದು ಅದೇ ಕೀನ್ಯಾದಲ್ಲಿ.

ವ್ಯಂಗ್ಯಚಿತ್ರಗಳು ನೆರೆರಾಷ್ಟ್ರಗಳ ಸಂಬಂಧ ಕೆಡಿಸುತ್ತವೆಂಬ ದೂರಿಗೆ ಇತಿಹಾಸದ ಬೆಂಬಲ ಕಡಿಮೆ. ಚಿತ್ರ ಬರುವ ಮುಂಚೆಯೇ ಸಂಬಂಧ ಹದಗೆಟ್ಟಿರುತ್ತದೆ. ಗಡಿ, ವ್ಯಾಪಾರ, ಪ್ರತಿಷ್ಠೆಗಳ ಹಳೆಯ ತಕರಾರಿಗೆ ಚಿತ್ರ ಒಂದು ಮುಖ ಕೊಡುತ್ತದೆ ಅಷ್ಟೇ. ತಕರಾರು ತೀರಿದಾಗ ಸರ್ಕಾರಗಳು ಕೈಕುಲುಕುತ್ತವೆ, ನಷ್ಟ ಪತ್ರಿಕೆಯ ಪಾಲಿಗೆ ಉಳಿಯುತ್ತದೆ. ವಿದೇಶಿ ಗಣ್ಯರ ಮಾನಹಾನಿಯ ಕಲಮುಗಳನ್ನು ರದ್ದುಮಾಡುವುದು ಅಗತ್ಯ. ಆದರೆ ಅಷ್ಟರಿಂದ ಕೆಲಸ ಮುಗಿಯದು. ಪತ್ರಿಕೆಯನ್ನು ಮುಚ್ಚುವ ಅಧಿಕಾರ ಮಂತ್ರಿ ಮತ್ತು ಪ್ರಾಧಿಕಾರಗಳ ಕೈಯಿಂದ ನ್ಯಾಯಾಲಯಕ್ಕೆ ಹೋಗುವವರೆಗೆ, ಒಂದು ದೇಶದ ಅಸಹನೆ ಇನ್ನೊಂದು ದೇಶದ ಸಂಪಾದಕೀಯ ಪುಟವನ್ನು ಆಳುತ್ತಲೇ ಇರುತ್ತದೆ.