ನೃಪತುಂಗನ ಕಾಲದ ಒಂದು ಸಂಖ್ಯಾಹಾರ

ರಾಜ್ಯೋತ್ಸವದ ದಿನ ನೃಪತುಂಗನನ್ನು ನೆನೆಯದ ಕನ್ನಡಿಗರು ವಿರಳ. ಅವನ ಆಸ್ಥಾನದಲ್ಲಿ ಮೂಡಿದ ‘ಕವಿರಾಜಮಾರ್ಗ’ದ ಹೆಸರನ್ನು ಹೊರನಾಡಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳೂ ಕೇಳಿರುತ್ತಾರೆ. ಆದರೆ ಅದೇ ಕಾಲದಲ್ಲಿ, ಕ್ರಿ. ಶ. 850ರ ಸುಮಾರಿಗೆ, ಮಹಾವೀರಾಚಾರ್ಯರು ರಚಿಸಿದ ‘ಗಣಿತಸಾರಸಂಗ್ರಹ’ವನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಗ್ರಂಥಾರಂಭದಲ್ಲಿಯೇ ಆಚಾರ್ಯರು ಅಮೋಘವರ್ಷ ನೃಪತುಂಗನನ್ನು ಕೊಂಡಾಡಿದ್ದಾರೆ. ಗ್ರಂಥದ ಭಾಷೆ ಸಂಸ್ಕೃತ. ಅದನ್ನು ಕನ್ನಡ ಕೃತಿಯೆಂದು ಹೇಳಿಕೊಳ್ಳುವುದು ಸಲ್ಲದು. ಆದರೆ ಅದು ಕನ್ನಡ ನಾಡಿನ ಅರಸನ ಆಶ್ರಯದಲ್ಲಿ ಬೆಳೆದ ವಿದ್ಯೆಯೆಂಬುದು ನಿಜ. ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಲ್ಲಿ ಅದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ ಮೇಲೆ ದೂರದ ವಿದ್ವಾಂಸರಿಗೂ ಅದರ ಪರಿಚಯವಾಯಿತು.

ಗುಣಾಕಾರವನ್ನು ಕಲಿಸುವಾಗ ಆಚಾರ್ಯರು ಬರಿಯ ಒಣ ಲೆಕ್ಕಗಳನ್ನು ಕೊಡುವುದಿಲ್ಲ. ಉತ್ತರದ ಅಂಕಿಗಳು ಹಾರದ ಮಣಿಗಳಂತೆ ಎರಡು ಕಡೆಯೂ ಸಮನಾಗಿ ನಿಲ್ಲುವ ಲೆಕ್ಕಗಳನ್ನು ಆರಿಸಿ, ಅವನ್ನು ಅರಸರ ಕಂಠಾಭರಣಕ್ಕೆ ಹೋಲಿಸುತ್ತಾರೆ. ಒಂದರಿಂದ ಆರರವರೆಗೆ ಏರಿ, ಮತ್ತೆ ಕ್ರಮವಾಗಿ ಇಳಿಯುವ ಸಂಖ್ಯೆಯೊಂದು ಅವರ ಗ್ರಂಥದಲ್ಲಿದೆ: 12345654321. ಎಂದರೆ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು.

ಈ ಹಾರದ ಗುಟ್ಟೇನು? ಇದು 111111ರ ವರ್ಗ. ಆರು ಒಂದುಗಳ ಸಾಲನ್ನು ಒಂದೊಂದು ಸ್ಥಾನ ಸರಿಸಿ ಆರು ಸಲ ಬರೆದು ಕೂಡಿದರೆ, ನಡುವಿನ ಕಂಬದಲ್ಲಿ ಆರು ಒಂದುಗಳೂ ಅಂಚಿನಲ್ಲಿ ಒಂದೇ ಒಂದೂ ನಿಲ್ಲುತ್ತವೆ. ಎಲ್ಲಿಯೂ ದಶಕ ಬರುವುದಿಲ್ಲ. ಒಂಬತ್ತು ಒಂದುಗಳವರೆಗೆ ಹೀಗೆಯೇ ನಡೆಯುತ್ತದೆ. ಹತ್ತಾದೊಡನೆ ದಶಕ ನುಗ್ಗಿ 1234567900987654321 ಎಂದಾಗಿ ಹಾರ ಕೆಡುತ್ತದೆ.

ಇನ್ನೂ ಒಳಹೊಕ್ಕು ನೋಡೋಣ. 111111 ಎಂಬುದು 3, 7, 11, 13, 37 ಎಂಬ ಐದು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ಅದರ ವರ್ಗದಲ್ಲಿ ಪ್ರತಿಯೊಂದೂ ಎರಡು ಸಲ ಬರುತ್ತದೆ. 3 ಮತ್ತು 7ರ ಜೋಡಿಗಳನ್ನು ಬೇರೆ ತೆಗೆದರೆ 441; ಉಳಿದದ್ದು 27994681. ಈ ಎರಡನ್ನು ಗುಣಿಸಿದರೆ ಹಾರ ಮತ್ತೆ ಕೂಡಿಕೊಳ್ಳುತ್ತದೆ. ಭಾಜಕವನ್ನು ಕಟ್ಟುವಾಗ ಐದರಲ್ಲಿ ಪ್ರತಿಯೊಂದನ್ನೂ ಬಿಡಬಹುದು, ಒಮ್ಮೆ ಕೊಳ್ಳಬಹುದು, ಇಲ್ಲವೆ ಎರಡು ಸಲ ಕೊಳ್ಳಬಹುದು. ಆದುದರಿಂದ ಭಾಜಕಗಳು ಒಟ್ಟು 243.

ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ತನಗಿಂತ ಹೆಚ್ಚಾದ ಸಂಖ್ಯೆಯನ್ನು ಪ್ರಾಚೀನ ಗ್ರೀಕರು ಸಮೃದ್ಧವೆಂದು ಬೇರೆ ವರ್ಗಕ್ಕೆ ಸೇರಿಸಿದ್ದರು. ಬೆಸ ಸಂಖ್ಯೆಗಳಲ್ಲಿ ಈ ಗುಣ ಅಪರೂಪ. 945ಕ್ಕಿಂತ ಕೆಳಗೆ ಒಂದೂ ಇಲ್ಲ. ನಮ್ಮ ಹಾರ ಬೆಸ ಸಂಖ್ಯೆಯಾದರೂ ಅದರ ಭಾಜಕಗಳ ಮೊತ್ತ 13029870672. ಹೀಗೆ ಇದೂ ಸಮೃದ್ಧವೇ.

ನಮ್ಮ ಮಕ್ಕಳು ಶಾಲೆಯಲ್ಲಿ ಮರಾಠಿಯಲ್ಲಿಯೋ ತಮಿಳಿನಲ್ಲಿಯೋ ಹಿಂದಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಲೆಕ್ಕ ಕಲಿಯುತ್ತಾರೆ. ನಾಡಿನ ಹಿರಿಮೆಯನ್ನು ನಾವು ಬಾಯಿಮಾತಿನಲ್ಲಿ ಹೇಳಿದರೆ ಅವರು ನಂಬಬೇಕಾಗುತ್ತದೆ. ಈ ಲೆಕ್ಕವನ್ನು ಕೊಟ್ಟರೆ ಅವರೇ ಮಾಡಿ ನೋಡಬಹುದು. ಹಬ್ಬದ ದಿನ ಮನೆಯಲ್ಲಿ ಒಂದು ಹಾಳೆಯನ್ನು ಮುಂದಿಟ್ಟು, ಕನ್ನಡದಲ್ಲಿಯೇ ಎಣಿಸುತ್ತ ಈ ಗುಣಾಕಾರವನ್ನು ಮಾಡಿಸೋಣ.