ಐದು ಗುಮ್ಮಟದ ಎತ್ತರ

ಅಥಣಿಯಿಂದ ಮಕ್ಕಳನ್ನು ವಿಜಯಪುರಕ್ಕೆ ಪ್ರವಾಸ ಕರೆದೊಯ್ಯುವ ನಮಗೆ ಎತ್ತರವೆಂದರೆ ಗೋಳಗುಮ್ಮಟವೇ. 17ನೆಯ ಶತಮಾನದ ಮಹಮ್ಮದ್ ಆದಿಲ್‌ಶಾಹನ ಸಮಾಧಿಯದು. ಎತ್ತರ ಸುಮಾರು 51 ಮೀಟರ್.

2024ರ ಆಗಸ್ಟಿನಲ್ಲಿ ರಾಜ್ಯ ಸಂಪುಟವು ಬೆಂಗಳೂರಿನ ಅಂಚಿನ ಹೆಮ್ಮಿಗೆಪುರದಲ್ಲಿ 250 ಮೀಟರಿನ ‘ಸ್ಕೈಡೆಕ್’ ವೀಕ್ಷಣಾ ಗೋಪುರಕ್ಕೆ ಒಪ್ಪಿತು. ಅಂದಾಜು ವೆಚ್ಚ 500 ಕೋಟಿ ರೂಪಾಯಿ. ಐದು ಗುಮ್ಮಟ ಒಂದರ ಮೇಲೊಂದಿಟ್ಟಷ್ಟು!

ಪ್ರವಾಸಿಗರು ಬರುತ್ತಾರೆಂದು ಕೆಲವರು ಹಿಗ್ಗಿದರು. ಮೊದಲು ರಸ್ತೆಗುಂಡಿ ಮುಚ್ಚಲಿ, ನೀರು ಕೊಡಲಿ ಎಂದರು ಹಲವರು. ಅದೇ ಮಾರ್ಚಿನಲ್ಲಿ ಅಲ್ಲಿನ ಕೊಳವೆಬಾವಿಗಳು ಬತ್ತಿ, ಜನ ಟ್ಯಾಂಕರಿನ ಹಾದಿ ಕಾದಿದ್ದರು. 2019ರ ಬೇಸಿಗೆಯಲ್ಲಿ ಕೃಷ್ಣೆ ಬತ್ತಿದಾಗ ಕೊಡ ಹಿಡಿದು ನಿಂತ ನಮಗೆ ಆ ಸಿಟ್ಟು ಅರ್ಥವಾಗುತ್ತದೆ.

ಎತ್ತರ ಬೇಡವೆಂದಲ್ಲ. ಗುಮ್ಮಟದಲ್ಲಿ ಪಿಸುಮಾತೂ ಆಚೆಯ ಗೋಡೆಗೆ ಕೇಳಿಸುತ್ತದೆ. ಗೋಪುರ ಕಟ್ಟುವವರಿಗೂ ಕೊಡ ಹಿಡಿದವಳ ಮಾತು ಕೇಳಿಸಬೇಕು.